ಸೂರ್ಯ ಮುಳುಗುವ ಮುಂಚೆ ಕೂಲಿ: ಕನಿಷ್ಠ ವೇತನದ ವಾದದಲ್ಲಿ ವಿಶ್ವಾಸಿ ಎಲ್ಲಿ ನಿಲ್ಲಬೇಕು?

(ಯೂತ್ ಮೀಟಿಂಗ್‌ನಲ್ಲಿ ಕೊಟ್ಟ ಸಂದೇಶದ ಬರಹ ರೂಪ)

ಓದಬೇಕಾದ ವಾಕ್ಯಭಾಗಗಳು: ಧರ್ಮೋಪದೇಶಕಾಂಡ 24:14-15, ಯೆರೆಮೀಯ 22:13-17, ಮತ್ತಾಯ 20:1-16, ಯಾಕೋಬ 5:1-6, ಕೊಲೊಸ್ಸೆ 4:1

ಕೂತ್ಕೊಳ್ಳಿ. ಬೈಬಲ್ ತೆಗೆದಿಟ್ಟುಕೊಳ್ಳಿ. ಮೊಬೈಲ್‌ನಲ್ಲಿ ಓದೋರು ನೋಟಿಫಿಕೇಶನ್ ಆಫ್ ಮಾಡಿ. ಇವತ್ತು ನಾವು ಐದಾರು ಕಡೆ ತಿರುಗಿಸಬೇಕಾಗುತ್ತೆ.

ಪ್ರಿಯ ಯೌವನಸ್ಥರೇ, ಈ ಸಂದೇಶ ನಾನು ಆರಿಸಿಕೊಂಡಿದ್ದಲ್ಲ. ಎರಡು ವಾರದ ಹಿಂದೆ ಮೀಟಿಂಗ್ ಮುಗಿದ ಮೇಲೆ ಟೀ ಕುಡಿಯುವಾಗ ಇಲ್ಲೇ ಹಿಂದೆ ಒಂದು ಜಗಳ ಆಯ್ತು. ಜಗಳ ಅಂದ್ರೆ ಕೈ ಮಿಲಾಯಿಸಿದ್ದಲ್ಲ. ಆದ್ರೆ ಮಾತು ಬಿಸಿಯಾಗಿತ್ತು. ಆ ಇಬ್ಬರ ಒಪ್ಪಿಗೆ ತಗೊಂಡು, ಹೆಸರು ಹೇಳದೆ ಹೇಳ್ತೀನಿ.

ಒಬ್ಬ ಸಹೋದರನ ಮನೆಯವರು ಪೀಣ್ಯದಲ್ಲಿ ಒಂದು ಚಿಕ್ಕ ಯೂನಿಟ್ ನಡೆಸ್ತಾರೆ. ಇಪ್ಪತ್ತು ಚಿಲ್ಲರೆ ಜನ ಕೆಲಸಕ್ಕಿದ್ದಾರೆ. ಇನ್ನೊಬ್ಬ ಸಹೋದರಿಯ ತಾಯಿ ಮೈಸೂರು ರಸ್ತೆಯ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಕನಿಷ್ಠ ವೇತನ ಜಾಸ್ತಿ ಮಾಡಬೇಕು ಅನ್ನೋ ಸುದ್ದಿ ಯಾರೋ ಎತ್ತಿದರು. ಸಹೋದರ ಹೇಳಿದ: “ಹಾಗೆ ಒಂದೇ ಸಾರಿ ಏರಿಸಿದ್ರೆ ನಮ್ಮಪ್ಪ ಶಟರ್ ಎಳೀಬೇಕಾಗುತ್ತೆ. ಆ ಇಪ್ಪತ್ತು ಜನಕ್ಕೆ ಆಮೇಲೆ ಯಾರು ಕೆಲಸ ಕೊಡ್ತಾರೆ?” ಸಹೋದರಿ ಹೇಳಿದಳು: “ನಮ್ಮಮ್ಮ ಹದಿನೆಂಟು ವರ್ಷದಿಂದ ಮಿಷನ್ ತುಳೀತಿದ್ದಾರೆ. ನಾನು ಮೊದಲ ತಿಂಗಳು ತಂದ ಸಂಬಳ ನೋಡಿ ಅಮ್ಮ ಅತ್ತರು. ಖುಷಿಗೆ ಅಂದ್ಕೊಂಡೆ. ಖುಷಿಗೆ ಮಾತ್ರ ಅಲ್ಲ.”

ಆಮೇಲೆ ಇಬ್ಬರೂ ನನ್ನ ಕಡೆ ತಿರುಗಿದರು. “ಪಾಸ್ಟರ್, ಬೈಬಲ್ ಏನು ಹೇಳುತ್ತೆ?”

ನಾನು ಏನು ಹೇಳಿದೆ ಗೊತ್ತಾ? “ಇದಕ್ಕೋಸ್ಕರ ಪ್ರಾರ್ಥನೆ ಮಾಡೋಣ” ಅಂದೆ. ಪ್ರಾರ್ಥನೆ ದೊಡ್ಡದು, ಅದರಲ್ಲಿ ಸಂದೇಹ ಇಲ್ಲ. ಆದ್ರೆ ಅವತ್ತು ನಾನು ಆ ಮಾತು ಹೇಳಿದ್ದು ಪ್ರಾರ್ಥಿಸೋಕಲ್ಲ, ತಪ್ಪಿಸಿಕೊಳ್ಳೋಕೆ. ಮನೆಗೆ ಹೋದ ಮೇಲೆ ಪವಿತ್ರಾತ್ಮನು ನನ್ನನ್ನು ಸುಮ್ಮನೆ ಬಿಡಲಿಲ್ಲ. ಯಾಕೆ ಬಿಡಲಿಲ್ಲ ಅನ್ನೋದನ್ನ ಕೊನೆಗೆ ಹೇಳ್ತೀನಿ. ಮೊದಲು ವಿಷಯ ಏನು ಅಂತ ತಿಳ್ಕೊಳ್ಳೋಣ.

1. ವಾದ ಯಾವುದರ ಬಗ್ಗೆ?

ನಮ್ಮಲ್ಲಿ ಬಹಳ ಜನಕ್ಕೆ ಕನಿಷ್ಠ ವೇತನ ಅಂದ್ರೆ ಏನು ಅಂತ ಗೊತ್ತಿಲ್ಲ, ಯಾಕಂದ್ರೆ ನಮಗೆ ಅದರ ಅಗತ್ಯ ಬಿದ್ದಿಲ್ಲ. ನಾವು ಪ್ಯಾಕೇಜ್ ಅಂತೀವಿ, ಹೈಕ್ ಅಂತೀವಿ.

ಸ್ವಾತಂತ್ರ್ಯ ಬಂದ ಮರುವರ್ಷವೇ, 1948ರಲ್ಲಿ, ನಮ್ಮ ದೇಶದಲ್ಲಿ ಕನಿಷ್ಠ ವೇತನ ಕಾಯ್ದೆ ಬಂತು. ಇಂತಿಂಥ ಕೆಲಸಕ್ಕೆ ಇದಕ್ಕಿಂತ ಕಡಿಮೆ ಕೊಡಬಾರದು ಅಂತ ಸರಕಾರ ದರ ಗೊತ್ತುಮಾಡಬೇಕು. ಐದು ವರ್ಷ ಮೀರದ ಹಾಗೆ ಆ ದರವನ್ನು ಮತ್ತೆ ಪರಿಶೀಲಿಸಬೇಕು. ನಡುವೆ ಬೆಲೆ ಏರಿದ ಹಾಗೆ ತುಟ್ಟಿಭತ್ಯೆ ಸೇರುತ್ತೆ. ಕರ್ನಾಟಕದಲ್ಲಿ ಅದು ಪ್ರತಿ ಏಪ್ರಿಲ್ 1ರಿಂದ. ಈಗ ಆ ಹಳೆಯ ಕಾಯ್ದೆಯ ಜಾಗಕ್ಕೆ 2019ರಲ್ಲಿ ಸಂಸತ್ತು ಒಪ್ಪಿದ ವೇತನ ಸಂಹಿತೆ ಬಂದಿದೆ. ಅದು 2025ರ ನವೆಂಬರ್ 21ರಂದು ಜಾರಿಗೆ ಬಂತು.

ದರ ಎಷ್ಟಿರಬೇಕು ಅಂತ ಹೇಗೆ ಲೆಕ್ಕ ಹಾಕ್ತಾರೆ? 1957ರಲ್ಲಿ ನಡೆದ 15ನೇ ಭಾರತೀಯ ಕಾರ್ಮಿಕ ಸಮ್ಮೇಳನ ಒಂದು ಸೂತ್ರ ಕೊಟ್ಟಿತು. ಬರ್ಕೊಳ್ಳಿ. ದುಡಿಯುವವನು ಒಂದು ಯೂನಿಟ್, ಹೆಂಡತಿ 0.8, ಇಬ್ಬರು ಮಕ್ಕಳು ತಲಾ 0.6. ಒಟ್ಟು ಮೂರು ಯೂನಿಟ್. ಒಂದು ಯೂನಿಟ್‌ಗೆ ದಿನಕ್ಕೆ 2700 ಕ್ಯಾಲೊರಿ ಆಹಾರ. ಇಡೀ ಮನೆಗೆ ವರ್ಷಕ್ಕೆ 72 ಗಜ ಬಟ್ಟೆ. ಮನೆ ಬಾಡಿಗೆ. ಸೌದೆ, ದೀಪ, ಇತರೆ ಖರ್ಚಿಗೆ ಶೇ 20. ಆಮೇಲೆ ಸುಪ್ರೀಂ ಕೋರ್ಟ್ 1991ರ ಒಂದು ತೀರ್ಪಿನಲ್ಲಿ (ರೆಪ್ಟಕೋಸ್ ಬ್ರೆಟ್ ಪ್ರಕರಣ) ಮಕ್ಕಳ ಓದು, ಆಸ್ಪತ್ರೆ, ಹಬ್ಬ, ಮದುವೆ, ಮುಪ್ಪು ಇವಕ್ಕೆಲ್ಲ ಇನ್ನೂ ಶೇ 25 ಸೇರಿಸಿ ಅಂತ ಹೇಳಿತು.

ಈ ಸೂತ್ರವನ್ನ ಸ್ವಲ್ಪ ಹೊತ್ತು ನೋಡಿ. ಇದು ಐಷಾರಾಮದ ಲೆಕ್ಕ ಅಲ್ಲ. ಊಟ, ಬಟ್ಟೆ, ಸೂರು. ಇದರಲ್ಲಿ ವಯಸ್ಸಾದ ತಂದೆ-ತಾಯಿಗೆ ಜಾಗವೇ ಇಲ್ಲ. ತಂದೆತಾಯಿಯನ್ನು ಸನ್ಮಾನಿಸು ಅನ್ನೋ ಆಜ್ಞೆಯನ್ನು ಪಾಲಿಸೋಕೂ ದುಡ್ಡು ಬೇಕು, ಆ ದುಡ್ಡು ಈ ಮೂರು ಯೂನಿಟ್‌ನಲ್ಲಿ ಬಂದಿಲ್ಲ. ಇನ್ನೊಂದು ನೋಡಿ, ಹೆಂಡತಿ 0.8. ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ದುಡಿಯೋರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಎಷ್ಟೋ ಮನೆಗಳಲ್ಲಿ ಆ ಒಂದು ಯೂನಿಟ್ ಅಮ್ಮನೇ.

ಈಗ ಬಿಸಿ ಹತ್ತಿದ್ದು ಯಾಕೆ? 2025ರ ಏಪ್ರಿಲ್‌ನಲ್ಲಿ ರಾಜ್ಯ ಸರಕಾರ ಈ ಸೂತ್ರದ ಆಧಾರದ ಮೇಲೆ ಹೊಸ ದರಗಳ ಕರಡು ಹೊರಡಿಸಿತು. ಬೆಂಗಳೂರು ಇರುವ ಮೊದಲ ವಲಯದಲ್ಲಿ ಅಕುಶಲ ಕಾರ್ಮಿಕರಿಗೂ ತಿಂಗಳಿಗೆ 23 ಸಾವಿರ ದಾಟಿದ ಮೊತ್ತ. 26 ದಿನಕ್ಕೆ ಭಾಗಿಸಿದ್ರೆ ದಿನಕ್ಕೆ ಸುಮಾರು 900 ರೂಪಾಯಿ. ಮಾಲೀಕರ ಸಂಘಗಳು ಇದು ಸಾಧ್ಯವೇ ಇಲ್ಲ ಅಂದವು. ಕಾರ್ಮಿಕ ಸಂಘಗಳು ಇದು ಬರಬೇಕಾಗಿದ್ದೇ, ತಡವಾಗಿ ಬಂತು ಅಂದವು. ನಮ್ಮ ಟೀ ಟೇಬಲ್ ಮೇಲೆ ನಡೆದಿದ್ದೂ ಅದೇ ವಾದ.

2. ಎರಡೂ ಕಡೆಯ ಮಾತನ್ನು ನ್ಯಾಯವಾಗಿ ಕೇಳೋಣ

ಜ್ಞಾನೋಕ್ತಿ 18:17ರಲ್ಲಿ ಒಂದು ಎಚ್ಚರಿಕೆ ಇದೆ: ಮೊದಲು ಮಾತಾಡಿದವನೇ ಸರಿ ಅನ್ನಿಸುತ್ತೆ, ಇನ್ನೊಬ್ಬ ಬಂದು ಪ್ರಶ್ನೆ ಕೇಳೋ ತನಕ. ಆದ್ದರಿಂದ ಇಬ್ಬರನ್ನೂ ಕೇಳೋಣ.

ಏರಿಸಬೇಡಿ ಅನ್ನೋರ ಮಾತಲ್ಲಿ ಸತ್ಯ ಇದೆ. ಚಿಕ್ಕ ಯೂನಿಟ್‌ನವನು ದೊಡ್ಡ ಕಂಪನಿಗೆ ಮಾಲು ಕೊಡ್ತಾನೆ. ದರ ಹೇಳೋದು ಆ ದೊಡ್ಡ ಕಂಪನಿ. ಇವನು ಸಂಬಳ ಏರಿಸಿದ್ರೂ ಅವರು ಬಿಲ್ ಏರಿಸಲ್ಲ. ಪೇಮೆಂಟ್ ಬರೋದು ಮೂರು ತಿಂಗಳ ಮೇಲೆ. ಬಟ್ಟೆ ಉದ್ಯಮದಲ್ಲಂತೂ ಹೊರದೇಶದ ಬ್ರ್ಯಾಂಡ್‌ಗಳು ಆರ್ಡರನ್ನು ಬಾಂಗ್ಲಾದೇಶಕ್ಕೋ ಬೇರೆ ರಾಜ್ಯಕ್ಕೋ ಒಯ್ಯಬಹುದು. ಕೆಲಸ ಹೋದ್ರೆ ಮೊದಲು ಹೋಗೋದು ಯಾರದ್ದು? ಓದು ಕಡಿಮೆ ಇರೋರದ್ದು, ವಯಸ್ಸಾದವರದ್ದು. ಈ ಭಯವನ್ನು ದುರಾಸೆ ಅಂತ ತಳ್ಳಿಹಾಕೋದು ಅನ್ಯಾಯ. ನಮ್ಮ ಆ ಸಹೋದರನ ತಂದೆ ಲಾಕ್‌ಡೌನ್‌ನಲ್ಲಿ ಮನೆ ಒಡವೆ ಅಡವಿಟ್ಟು ಕೆಲಸಗಾರರಿಗೆ ಅರ್ಧ ಸಂಬಳ ಕೊಟ್ಟವರು. ಅದು ನನಗೆ ಗೊತ್ತು.

ಏರಿಸಬೇಕು ಅನ್ನೋರ ಮಾತಲ್ಲೂ ಸತ್ಯ ಇದೆ. ಸಂಬಳ ಏರಿಸಿದ್ರೆ ಕೆಲಸ ಹೋಗೇ ಹೋಗುತ್ತೆ ಅನ್ನೋದು ಪುಸ್ತಕದಲ್ಲಿ ಬರೆದಷ್ಟು ಸುಲಭವಾದ ಲೆಕ್ಕ ಅಲ್ಲ. ಅಮೆರಿಕದ ನ್ಯೂಜೆರ್ಸಿಯಲ್ಲಿ 1992ರ ಏಪ್ರಿಲ್‌ನಲ್ಲಿ ಗಂಟೆಯ ಕನಿಷ್ಠ ಕೂಲಿ 4.25 ಡಾಲರ್‌ನಿಂದ 5.05 ಡಾಲರ್‌ಗೆ ಏರಿತು. ಪಕ್ಕದ ಪೆನ್ಸಿಲ್ವೇನಿಯಾದಲ್ಲಿ ಏರಲಿಲ್ಲ. ಡೇವಿಡ್ ಕಾರ್ಡ್, ಅಲನ್ ಕ್ರೂಗರ್ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞರು ಎರಡೂ ಕಡೆಯ ಫಾಸ್ಟ್‌ಫುಡ್ ಅಂಗಡಿಗಳನ್ನು ಹೋಲಿಸಿ ನೋಡಿದರು. ನ್ಯೂಜೆರ್ಸಿಯಲ್ಲಿ ಕೆಲಸ ಕಡಿಮೆಯಾಗಿದ್ದು ಅವರಿಗೆ ಕಾಣಲಿಲ್ಲ. 1994ರಲ್ಲಿ ಅದು ಪ್ರಕಟವಾದಾಗ ದೊಡ್ಡ ಗದ್ದಲ ಆಯ್ತು. ಅಂಕಿಅಂಶ ಸರಿಯಿಲ್ಲ ಅಂತ ಬೇರೆ ವಿದ್ವಾಂಸರು ವಾದಿಸಿದರು. ಆ ವಾದ ಇನ್ನೂ ಮುಗಿದಿಲ್ಲ. ಕಾರ್ಡ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಬ್ರಿಟನ್ 1999ರಲ್ಲಿ ಗಂಟೆಗೆ 3.60 ಪೌಂಡ್ ಅಂತ ರಾಷ್ಟ್ರೀಯ ಕನಿಷ್ಠ ವೇತನ ತಂದಾಗಲೂ ಲಕ್ಷಗಟ್ಟಲೆ ಕೆಲಸ ಹೋಗುತ್ತೆ ಅಂದಿದ್ದರು. ಹಾಗಾಗಲಿಲ್ಲ.

ಹಾಗಂತ ಎಷ್ಟು ಏರಿಸಿದ್ರೂ ಪರವಾಗಿಲ್ಲ ಅಂತಲೂ ಅಲ್ಲ. ಸ್ವಲ್ಪ ಏರಿಸೋದು ಬೇರೆ, ಒಂದೇ ಸಾರಿ ಬಹಳ ಏರಿಸೋದು ಬೇರೆ. ಅಮೆರಿಕದ ಬರ್ಗರ್ ಅಂಗಡಿ ಬೇರೆ, ಪೀಣ್ಯದ ಶೆಡ್ ಬೇರೆ. ನಮ್ಮಲ್ಲಿ ಇನ್ನೊಂದು ತೊಂದರೆ, ಇರುವ ದರವನ್ನೇ ಎಷ್ಟೋ ಕಡೆ ಕೊಡೋದಿಲ್ಲ. ಹೊಸ ದರ ಎಷ್ಟಿರಬೇಕು ಅಂತ ಟಿವಿಯಲ್ಲಿ ಚರ್ಚೆ ನಡೆಯುವಾಗ, ಹಳೆಯ ದರವೇ ಕೈಗೆ ಬಾರದ ಜನ ಕೆಳಗೆ ಬಸ್ಸಿಗೆ ಕಾಯ್ತಿರ್ತಾರೆ.

ದರ 18 ಸಾವಿರವೋ 23 ಸಾವಿರವೋ ಅಂತ ಬೈಬಲ್‌ನಲ್ಲಿ ವಚನ ಇಲ್ಲ. ಇದೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ, ಅವರು ಪಾಸ್ಟರ್ ಆಗಿದ್ರೂ ಸರಿ. ಆ ಸಂಖ್ಯೆಯ ಬಗ್ಗೆ ಇಬ್ಬರು ಒಳ್ಳೆಯ ವಿಶ್ವಾಸಿಗಳು ಬೇರೆ ಬೇರೆ ಯೋಚನೆ ಮಾಡಬಹುದು. ಆದ್ರೆ ಕೂಲಿಯ ಬಗ್ಗೆ ದೇವರು ಸುಮ್ಮನಿದ್ದಾನೆ ಅಂದ್ಕೊಂಡರೆ ಅದು ದೊಡ್ಡ ತಪ್ಪು.

3. ವಾಕ್ಯ ಏನು ಹೇಳುತ್ತೆ?

ಧರ್ಮೋಪದೇಶಕಾಂಡ 24 ತೆರೆಯಿರಿ. 14, 15ನೇ ವಚನ. ಬಡ ಕೂಲಿಯವನನ್ನು ಹಿಂಸಿಸಬೇಡ ಅಂತ ಆಜ್ಞೆ. ಅವನು ಸ್ವಜನ ಆಗಿರಲಿ, ಹೊರಗಿನಿಂದ ಬಂದು ನಿನ್ನ ಊರಲ್ಲಿ ಇರೋನಾಗಿರಲಿ. ಇದನ್ನ ಗುರುತು ಹಾಕ್ಕೊಳ್ಳಿ. ಬಿಹಾರದಿಂದ, ಒಡಿಶಾದಿಂದ, ರಾಯಚೂರು-ಕಲಬುರಗಿಯಿಂದ ಬಂದು ನಮ್ಮ ಅಪಾರ್ಟ್‌ಮೆಂಟ್ ಕಟ್ಟೋರು ಈ ವಚನದಲ್ಲಿ ಇದ್ದಾರೆ. ಅವನ ಕೂಲಿಯನ್ನು ಅವತ್ತೇ, ಸೂರ್ಯ ಮುಳುಗೋ ಮುಂಚೆ ಕೊಡಬೇಕು. ಯಾಕೆ? ದೇವರು ಕಾರಣ ಕೊಡ್ತಾನೆ. ಅವನು ಬಡವ, ಅವನ ಪ್ರಾಣವೆಲ್ಲ ಆ ಕೂಲಿಯ ಮೇಲೇ ಇದೆ. ಕೊಡದಿದ್ರೆ ಅವನು ನನಗೆ ಮೊರೆಯಿಡ್ತಾನೆ, ಅದು ನಿನಗೆ ಪಾಪವಾಗುತ್ತೆ ಅಂತ.

ಆ ಕಾರಣವನ್ನೇ ಗಮನಿಸಿ. ಒಪ್ಪಂದ ಆಗಿದೆ, ಅದಕ್ಕೆ ಕೊಡು ಅಂತ ಮಾತ್ರ ದೇವರು ಹೇಳಲಿಲ್ಲ. ಅವನ ಅಗತ್ಯವನ್ನು ನೋಡು ಅಂದ. ಕೂಲಿ ಬರೀ ಮಾರ್ಕೆಟ್ ರೇಟ್ ಅಲ್ಲ, ಆ ರೇಟಿನ ಮೇಲೆ ಒಂದು ಜೀವ ನಿಂತಿದೆ.

ಈಗ ನಮ್ಮ ಸಹೋದರ ಅವತ್ತು ಒಂದು ಒಳ್ಳೆ ಪ್ರಶ್ನೆ ಕೇಳಿದ್ದ: “ಪಾಸ್ಟರ್, ಮತ್ತಾಯ 20ರಲ್ಲಿ ದ್ರಾಕ್ಷಿತೋಟದ ಯಜಮಾನ ‘ನಿನ್ನ ಜೊತೆ ಒಪ್ಪಂದ ಆಗಿದ್ದು ಇಷ್ಟೇ ತಾನೆ’ ಅಂತ ಕೇಳ್ತಾನಲ್ಲ? ಕೆಲಸಗಾರ ಒಪ್ಪಿಕೊಂಡು ಬಂದಿದ್ದಾನೆ. ಬಲವಂತ ಮಾಡಿಲ್ಲ.”

ಬನ್ನಿ, ಮತ್ತಾಯ 20 ನೋಡೋಣ. ಮೊದಲು ಒಂದು ಮಾತು. ಈ ಸಾಮ್ಯ ಪರಲೋಕ ರಾಜ್ಯದ ಬಗ್ಗೆ, ಕೃಪೆಯ ಬಗ್ಗೆ. ಇದನ್ನ ಕಾರ್ಮಿಕ ಕಾನೂನು ಮಾಡಿಕೊಳ್ಳೋದು ಸರಿಯಲ್ಲ. ಮಾಲೀಕರ ಪರವಾಗಿ ಎಳೆಯೋದೂ ತಪ್ಪು, ಕಾರ್ಮಿಕರ ಪರವಾಗಿ ಎಳೆಯೋದೂ ತಪ್ಪು. ಆದ್ರೆ ಯೇಸುಸ್ವಾಮಿ ಕೃಪೆಯನ್ನು ತೋರಿಸೋಕೆ ಯಾವ ಚಿತ್ರ ತಗೊಂಡರು ಅಂತ ನೋಡಬಹುದಲ್ವಾ?

ಆ ಕಾಲದಲ್ಲಿ ಒಂದು ದಿನಾರಿ ಅಂದ್ರೆ ಒಬ್ಬ ಕೂಲಿಯವನ ಒಂದು ದಿನದ ಕೂಲಿ. ಸಂಜೆ ಐದು ಗಂಟೆಗೆ ಯಜಮಾನ ಮಾರ್ಕೆಟ್‌ಗೆ ಹೋಗ್ತಾನೆ. ಇನ್ನೂ ಕೆಲವರು ಅಲ್ಲಿ ನಿಂತಿದ್ದಾರೆ. ಯಾಕೆ ಸುಮ್ಮನೆ ನಿಂತಿದ್ದೀರಿ ಅಂತ ಕೇಳಿದ್ರೆ, ನಮ್ಮನ್ನು ಯಾರೂ ಕರೀಲಿಲ್ಲ ಅಂತಾರೆ. ನೀವು ಬೆಳಗ್ಗೆ ಆಫೀಸಿಗೆ ಹೋಗುವಾಗ ಸರ್ಕಲ್ ಹತ್ತಿರ ಡಬ್ಬಿ ಹಿಡ್ಕೊಂಡು, ಗುದ್ದಲಿ ಇಟ್ಕೊಂಡು ನಿಂತಿರೋ ಗುಂಪನ್ನು ನೋಡಿದ್ದೀರಲ್ಲ? ಹತ್ತು ಗಂಟೆಗೂ ಅಲ್ಲೇ ನಿಂತಿರ್ತಾರಲ್ಲ ಕೆಲವರು? ಅವರೇ ಇವರು. ಒಂದೇ ಗಂಟೆ ದುಡಿದ ಅವರಿಗೂ ಯಜಮಾನ ಪೂರ್ತಿ ದಿನಾರಿ ಕೊಡ್ತಾನೆ. ಒಂದು ಗಂಟೆಯ ಕೂಲಿ ತಗೊಂಡು ಮನೆಗೆ ಹೋದ್ರೆ ಮಕ್ಕಳು ಅವತ್ತು ಪೂರ್ತಿ ಊಟ ಮಾಡೋಕಾಗಲ್ಲ. ನನ್ನದನ್ನು ನನ್ನ ಇಷ್ಟದಂತೆ ಮಾಡಬಾರದಾ ಅಂತ ಯಜಮಾನ ಕೇಳ್ತಾನೆ, ನಿಜ. ಆದ್ರೆ ಆ ಮಾತು ಹೇಳಿದ್ದು ಹೆಚ್ಚು ಕೊಡೋದಕ್ಕೆ. ಕಡಿಮೆ ಕೊಡೋದಕ್ಕೆ ಆ ಮಾತನ್ನು ಎತ್ತಿಕೊಂಡರೆ ಸಾಮ್ಯವನ್ನೇ ತಲೆಕೆಳಗೆ ಮಾಡಿದ ಹಾಗೆ.

‘ಅವರೇ ಒಪ್ಪಿದ್ದಾರೆ’ ಅನ್ನೋ ಮಾತಿಗೆ ನಮ್ಮ ದೇಶದ ಸುಪ್ರೀಂ ಕೋರ್ಟ್ ಕೊಟ್ಟ ಉತ್ತರವೂ ಇದೆ. 1982ರಲ್ಲಿ ದೆಹಲಿಯಲ್ಲಿ ಏಷ್ಯನ್ ಕ್ರೀಡಾಕೂಟಕ್ಕೆ ಕಟ್ಟಡ ಕಟ್ಟುತ್ತಿದ್ದ ಕೂಲಿಗಳಿಗೆ ಕನಿಷ್ಠ ವೇತನ ಸಿಗ್ತಿಲ್ಲ ಅಂತ ಒಂದು ಸಂಘಟನೆ ಕೋರ್ಟಿಗೆ ಹೋಯ್ತು. ಕೋರ್ಟ್ ಹೇಳಿದ್ದರ ತಾತ್ಪರ್ಯ ಇಷ್ಟು: ಯಾರೂ ಇಷ್ಟಪಟ್ಟು ಕನಿಷ್ಠಕ್ಕಿಂತ ಕಡಿಮೆಗೆ ದುಡಿಯೋದಿಲ್ಲ. ಹಸಿವು ತಳ್ಳಿದಾಗ ದುಡೀತಾರೆ. ಆ ಹಸಿವಿನ ಒತ್ತಾಯವೂ ಬಲವಂತವೇ. ಆದ್ದರಿಂದ ಅದು ಸಂವಿಧಾನದ 23ನೇ ವಿಧಿ ನಿಷೇಧಿಸಿರೋ ಬಲವಂತದ ದುಡಿಮೆ. ಈ ತೀರ್ಪನ್ನು ಓದುವಾಗ ನನಗೆ ಧರ್ಮೋಪದೇಶಕಾಂಡವೇ ನೆನಪಾಯ್ತು.

ಈಗ ಯೆರೆಮೀಯ 22. ಯೆಹೋಯಾಕೀಮ ಅನ್ನೋ ಅರಸ ದೊಡ್ಡ ಕಿಟಕಿಗಳಿಟ್ಟು ದೇವದಾರು ಮರ ಹೊದಿಸಿ ಅರಮನೆ ಕಟ್ಟಿಸಿದ. ಕೆಲಸದವರಿಗೆ ಕೂಲಿ ಕೊಡಲಿಲ್ಲ. ಅವನಿಗೆ ಅಯ್ಯೋ ಅಂತಾನೆ ಪ್ರವಾದಿ. ಆಮೇಲೆ ಅವನ ತಂದೆ ಯೋಷೀಯನನ್ನು ನೆನಪಿಸ್ತಾನೆ. ನಿನ್ನ ತಂದೆಯೂ ಉಂಡ, ಕುಡಿದ, ಚೆನ್ನಾಗಿಯೇ ಇದ್ದ. ಆದ್ರೆ ಬಡವನಿಗೆ ನ್ಯಾಯ ಮಾಡಿದ. ಅದಾದ ಮೇಲೆ ಕರ್ತನು ಒಂದು ಪ್ರಶ್ನೆ ಕೇಳ್ತಾನೆ, ನನ್ನನ್ನು ತಿಳಿಯೋದು ಅಂದ್ರೆ ಇದೇ ಅಲ್ಲವೇ ಅಂತ. ಯೌವನಸ್ಥರೇ, ದೇವರನ್ನು ಇನ್ನೂ ಹತ್ತಿರದಿಂದ ತಿಳೀಬೇಕು ಅಂತ ನಾವು ಉಪವಾಸ ಮಾಡ್ತೀವಿ, ರಾತ್ರಿ ಪ್ರಾರ್ಥನೆ ಮಾಡ್ತೀವಿ. ಮಾಡಲೇಬೇಕು. ಆದ್ರೆ ಇಲ್ಲಿ ದೇವರೇ, ನನ್ನನ್ನು ತಿಳಿಯೋ ದಾರಿ ಸಂಬಳದ ರಿಜಿಸ್ಟರ್ ಮೂಲಕವೂ ಹಾದುಹೋಗುತ್ತೆ ಅಂತಿದ್ದಾನೆ.

ಕೊನೆಗೆ ಯಾಕೋಬ 5:4. ಹೊಲ ಕೊಯ್ದವರಿಂದ ತಡೆಹಿಡಿದ ಕೂಲಿ ಅಲ್ಲೇ ಕೂಗಿಕೊಳ್ತಿದೆ, ಆ ಕೊಯ್ಯುವವರ ಮೊರೆ ಸೇನಾಧೀಶ್ವರನ ಕಿವಿಗೆ ಬಿದ್ದಿದೆ ಅಂತಾನೆ ಯಾಕೋಬ. ಕೂಲಿಯವನು ಬಾಯಿಬಿಟ್ಟು ಕೇಳದಿದ್ದರೂ ಆ ದುಡ್ಡೇ ಕೂಗುತ್ತೆ.

ಇದು ಹಳೇ ಕಾಲದ ಮಾತಲ್ಲ. ನಮ್ಮ ರಾಜ್ಯದಲ್ಲೇ 2020ರ ಏಪ್ರಿಲ್‌ನಿಂದ ಗಾರ್ಮೆಂಟ್ಸ್ ಕೆಲಸಗಾರರಿಗೆ ತಿಂಗಳಿಗೆ 417 ರೂಪಾಯಿ ತುಟ್ಟಿಭತ್ಯೆ ಸೇರಬೇಕಿತ್ತು. ಕೋವಿಡ್ ಕಾಲದಲ್ಲಿ ಅದನ್ನು ಮುಂದೂಡುವ ಆದೇಶ ಬಂತು. ವಿಷಯ ಹೈಕೋರ್ಟಿಗೆ ಹೋಯ್ತು. ಆದ್ರೂ ಬಹಳಷ್ಟು ಕಾರ್ಖಾನೆಗಳು ತಿಂಗಳುಗಟ್ಟಲೆ ಅದನ್ನು ಕೊಡಲಿಲ್ಲ. 417 ರೂಪಾಯಿ. ನಮಗೆ ಒಂದು ಸಂಜೆಯ ಪಿಜ್ಜಾ. ಆ ಮನೆಯಲ್ಲಿ ಹಾಲಿನ ಬಾಬತ್ತು. ಲಕ್ಷಾಂತರ ಜನರ 417 ಸೇರಿದ್ರೆ ಎಷ್ಟು ಕೂಗು ಅಂತ ಲೆಕ್ಕ ಹಾಕಿ.

4. ನನ್ನ ತಪ್ಪೊಪ್ಪಿಗೆ

ಈಗ ಪವಿತ್ರಾತ್ಮನು ನನ್ನನ್ನು ಯಾಕೆ ಬಿಡಲಿಲ್ಲ ಅಂತ ಹೇಳ್ತೀನಿ.

ಅವತ್ತು ರಾತ್ರಿ ನಾನು ಯಾಕೋಬ 5 ಓದ್ತಾ ಇದ್ದೆ. ಮನಸ್ಸಲ್ಲಿ ದೊಡ್ಡ ದೊಡ್ಡ ಕಂಪನಿಗಳು, ಬ್ರ್ಯಾಂಡ್‌ಗಳು ಓಡ್ತಾ ಇದ್ದವು. ಸಂದೇಶಕ್ಕೆ ಪಾಯಿಂಟ್ ಬರ್ಕೊಳ್ತಾ ಇದ್ದೆ. ಆಗ ಒಂದು ಯೋಚನೆ ಬಂತು: ನಮ್ಮ ಸಭೆಯ ನೆಲ ಒರೆಸೋ ಅಕ್ಕನಿಗೆ ನಾವು ಎಷ್ಟು ಕೊಡ್ತೀವಿ?

ನಿಮಗೆಲ್ಲ ಅವರು ಗೊತ್ತು. ಭಾನುವಾರ ನೀವು ಬರೋ ಹೊತ್ತಿಗೆ ಕುರ್ಚಿ ಸಾಲಾಗಿರುತ್ತೆ, ಟಾಯ್ಲೆಟ್ ತೊಳೆದಿರುತ್ತೆ. ಅದು ದೇವದೂತರು ಮಾಡಿದ್ದಲ್ಲ. ದಿನಕ್ಕೆ ನಾಲ್ಕು ಗಂಟೆ, ವಾರಕ್ಕೆ ಆರು ದಿನ. ತಿಂಗಳಿಗೆ ನಾವು ಕೊಡ್ತಿದ್ದಿದ್ದು 3500 ರೂಪಾಯಿ. ಕ್ಯಾಲ್ಕುಲೇಟರ್ ತೆಗೆದೆ. 26 ದಿನ, 104 ಗಂಟೆ. ಗಂಟೆಗೆ 34 ರೂಪಾಯಿಯೂ ಇಲ್ಲ. ಪೂರ್ತಿ ಎಂಟು ಗಂಟೆಯ ಲೆಕ್ಕ ಹಾಕಿದ್ರೆ ದಿನಕ್ಕೆ 270 ರೂಪಾಯಿ ಹತ್ತಿರ. ಸರಕಾರದ ಪಟ್ಟಿ ತೆಗೆದು ನೋಡಿದೆ. 2025ರ ಕರಡು ಬಿಡಿ, ಅದಕ್ಕಿಂತ ಹಿಂದಿನ, ಆಗಲೇ ಜಾರಿಯಲ್ಲಿದ್ದ ದರಕ್ಕಿಂತಲೂ ನಮ್ಮದು ಕಡಿಮೆ. ಸ್ವಲ್ಪ ಅಲ್ಲ, ಬಹಳ.

ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಆಮೇಲೆ ನನ್ನ ಮನಸ್ಸು ಏನೇನು ನೆಪ ತಂದಿತು ಅಂತ ಹೇಳ್ತೀನಿ, ಯಾಕಂದ್ರೆ ನಿಮ್ಮ ಮನಸ್ಸೂ ತರುತ್ತೆ. ‘ಅವರು ಕೇಳೇ ಇಲ್ಲವಲ್ಲ.’ ‘ಕ್ರಿಸ್‌ಮಸ್‌ಗೆ ಸೀರೆ ಕೊಡ್ತೀವಲ್ಲ.’ ‘ಅವರ ಮಗನ ಫೀಸಿಗೆ ಒಂದು ಸಾರಿ ಸಹಾಯ ಮಾಡಿದ್ದೀವಲ್ಲ.’ ‘ಇದು ಕರ್ತನ ಸೇವೆ, ಕೂಲಿ ಅಲ್ಲ.’ ಈ ಕೊನೇ ನೆಪವೇ ಅತಿ ಕೆಟ್ಟದ್ದು. ಯಾಕಂದ್ರೆ ಅದರಲ್ಲಿ ನಾನು ಕರ್ತನ ಹೆಸರನ್ನು ಬಳಸಿದೆ. ಕೆಲಸದವನು ತನ್ನ ಕೂಲಿಗೆ ಯೋಗ್ಯ ಅನ್ನೋ ಲೂಕ 10:7ರ ಸತ್ಯವನ್ನು ನಾವು ಸೇವಕರ ಕಾಣಿಕೆ ಕೇಳುವಾಗ ಎಷ್ಟು ಜೋರಾಗಿ ಹೇಳ್ತೀವಿ! ನೆಲ ಒರೆಸೋರ ವಿಷಯದಲ್ಲಿ ಆ ವಚನ ನನಗೆ ನೆನಪೇ ಆಗಲಿಲ್ಲ.

ಸೀರೆ ದಾನ. ಕೂಲಿ ಋಣ. ಋಣ ಇಟ್ಟುಕೊಂಡು ದಾನ ಕೊಟ್ಟರೆ ನಾನು ಅವರ ದುಡ್ಡಿಂದಲೇ ಅವರಿಗೆ ಉಡುಗೊರೆ ಕೊಟ್ಟ ಹಾಗೆ.

ನನಗೆ ಇನ್ನೂ ನಾಚಿಕೆ ಆಗಿದ್ದು ಯಾಕೆ ಗೊತ್ತಾ? ನನ್ನ ತಾಯಿಯೂ ಗಾರ್ಮೆಂಟ್ಸ್‌ನಲ್ಲಿ ಹೆಲ್ಪರ್ ಆಗಿದ್ದವರು. ಏಳನೇ ತಾರೀಖು ರಾತ್ರಿ ನೆಲದ ಮೇಲೆ ಕೂತು ನೋಟುಗಳನ್ನು ಬಾಡಿಗೆಗೆ, ರೇಷನ್ ಅಂಗಡಿಗೆ, ಚೀಟಿಗೆ ಅಂತ ಬೇರೆ ಬೇರೆ ಇಡ್ತಿದ್ದರು. ದಶಮಾಂಶ ಮೊದಲು ಎತ್ತಿಡ್ತಿದ್ದರು. ಕೊನೆಯ ಗುಂಪಿಗೆ ಯಾವಾಗಲೂ ನೋಟು ಸಾಲುತ್ತಿರಲಿಲ್ಲ. ಆ ಕೊನೆಯ ಗುಂಪು ಅವರ ಔಷಧಿಯದ್ದು. ಆ ತಾಯಿಯ ಮಗ ನಾನು.

ಮಂಗಳವಾರ ಕಮಿಟಿ ಕರೆದೆ. ಸುಲಭವಾಗಿ ಆಗಲಿಲ್ಲ. ಒಬ್ಬ ಹಿರಿಯರು, ‘ಪಾಸ್ಟರ್, ಎಲ್ಲ ಸಭೆಯಲ್ಲೂ ಹೀಗೇ ಇದೆ’ ಅಂದರು. ಇನ್ನೊಬ್ಬರು ಬಜೆಟ್ ತೋರಿಸಿದರು. ಅವರು ಕೆಟ್ಟವರಲ್ಲ, ಲೆಕ್ಕ ನಿಜಕ್ಕೂ ಬಿಗಿ ಇದೆ. ನಮ್ಮ ಪೀಣ್ಯದ ಸಹೋದರನ ತಂದೆ ಹೇಳಿದ ಮಾತನ್ನೇ ಆ ದಿನ ನಮ್ಮ ಕಮಿಟಿಯೂ ಹೇಳ್ತಿತ್ತು: ‘ಎಲ್ಲಿಂದ ತರೋದು?’ ಆಗ ನನಗೆ ಆ ತಂದೆಯ ಕಷ್ಟ ಮೊದಲನೇ ಸಾರಿ ಅರ್ಥ ಆಯ್ತು. ಬೇರೆಯವರ ದುಡ್ಡಲ್ಲಿ ನ್ಯಾಯ ಮಾಡೋದು ಸುಲಭ. ನಮ್ಮ ಚೀಲ ಬಿಚ್ಚಬೇಕಾದಾಗ ಗೊತ್ತಾಗುತ್ತೆ.

ಆವತ್ತು ತೀರ್ಮಾನ ಏನಾಯ್ತು ಅಂದ್ರೆ, ಹೊಸ ಸೌಂಡ್ ಸಿಸ್ಟಮ್ ಈ ವರ್ಷ ಇಲ್ಲ. ಅಕ್ಕನ ಸಂಬಳ ಈ ತಿಂಗಳಿಂದ ಸರಕಾರದ ದರಕ್ಕೆ. ಹಿಂದಿನ ಬಾಕಿಯನ್ನು ಕಂತಿನಲ್ಲಿ ಕೊಡೋದು. ಇದರಲ್ಲಿ ಚಪ್ಪಾಳೆಗೆ ಏನೂ ಇಲ್ಲ, ದಯವಿಟ್ಟು ತಟ್ಟಬೇಡಿ. ಕದ್ದಿದ್ದನ್ನು ವಾಪಸ್ ಕೊಟ್ಟವನಿಗೆ ಚಪ್ಪಾಳೆ ಯಾಕೆ?

ನಾನೇ ಹೋಗಿ ಅವರಿಗೆ ಹೇಳಿ ಕ್ಷಮೆ ಕೇಳಿದೆ. ಅವರು ಮೊದಲು ಹೆದರಿದರು. ಕೆಲಸದಿಂದ ತೆಗೀತಿದ್ದೀವಿ ಅಂದ್ಕೊಂಡರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು: “ಅಯ್ಯಾ, ಇದು ಪ್ರತಿ ತಿಂಗಳೂನಾ?”

5. ಹಾಗಾದ್ರೆ ನಾವೇನು ಮಾಡಬೇಕು?

ಮೊದಲನೆಯದು, ನಿಮ್ಮ ಮನೆಯಿಂದ ಶುರು ಮಾಡಿ. ಕರ್ನಾಟಕದಲ್ಲಿ 2004ರಿಂದಲೇ ಮನೆಗೆಲಸದವರಿಗೂ ಕನಿಷ್ಠ ವೇತನ ಗೊತ್ತುಮಾಡಿದ್ದಾರೆ. ಎಷ್ಟು ಜನಕ್ಕೆ ಗೊತ್ತಿತ್ತು? ಕೈ ಎತ್ತಿ... ನೋಡಿ, ಇಷ್ಟೇ. ನಿಮ್ಮ ಮನೆಗೆ, ನಿಮ್ಮ ಪಿಜಿಗೆ, ನಿಮ್ಮ ಫ್ಲ್ಯಾಟ್‌ಗೆ ಬರೋ ಅಕ್ಕನ ಗಂಟೆ ಲೆಕ್ಕ ಹಾಕಿ. ರಜೆ ತಗೊಂಡ ದಿನ ಕಟ್ ಮಾಡ್ತೀರಾ? ನಿಮ್ಮ ಆಫೀಸ್ ನಿಮಗೆ ಹಾಗೆ ಮಾಡುತ್ತಾ? ಕೊಲೊಸ್ಸೆ 4:1 ಇರೋದು ಯಜಮಾನರಿಗೆ. ನಿಮಗೂ ಪರಲೋಕದಲ್ಲಿ ಯಜಮಾನನಿದ್ದಾನೆ ಅಂತ ನೆನಪಿಟ್ಟು, ನ್ಯಾಯವಾದದ್ದನ್ನು ಕೊಡಿ ಅನ್ನುತ್ತೆ ಅದು. ಒಬ್ಬರಿಗೆ ಸಂಬಳ ಕೊಡೋನು ಯಾರೇ ಆಗಲಿ, ಆ ವಚನದಲ್ಲಿ ಯಜಮಾನನೇ.

ಎರಡನೆಯದು, ನಿಮ್ಮ ಆಫೀಸಲ್ಲಿ. ನಿಮ್ಮಲ್ಲಿ ಎಚ್‌ಆರ್‌ನಲ್ಲಿ, ಅಕೌಂಟ್ಸ್‌ನಲ್ಲಿ, ಸೋರ್ಸಿಂಗ್‌ನಲ್ಲಿ ಇರೋರು ಇದ್ದೀರಿ. ಹೌಸ್‌ಕೀಪಿಂಗ್, ಸೆಕ್ಯೂರಿಟಿ ಗುತ್ತಿಗೆ ಕೊಡುವಾಗ ಅತಿ ಕಡಿಮೆ ಕೊಟೇಶನ್‌ಗೆ ಸೈನ್ ಹಾಕ್ತೀರಿ. ಆ ದರದಲ್ಲಿ ಗುತ್ತಿಗೆದಾರ ಕನಿಷ್ಠ ವೇತನ ಕೊಡೋಕಾಗುತ್ತಾ ಅಂತ ಒಂದು ಸಾರಿ ಭಾಗಿಸಿ ನೋಡಿ. ಆಗಲ್ಲ ಅಂತ ಗೊತ್ತಿದ್ದೂ ಸೈನ್ ಹಾಕಿದ್ರೆ ಆ ಕೂಗಿನಲ್ಲಿ ನಮ್ಮ ಸಹಿಯೂ ಇದೆ. ಪೀಣ್ಯದ ಸಹೋದರನಿಗೂ ಇದರಲ್ಲಿ ಉತ್ತರ ಇದೆ. ಚಿಕ್ಕ ಮಾಲೀಕ ನ್ಯಾಯವಾಗಿ ಕೊಡಬೇಕಾದ್ರೆ, ಅವನ ಮೇಲಿರೋ ದೊಡ್ಡವರು ಅವನಿಗೆ ನ್ಯಾಯವಾದ ದರವನ್ನು ಸಮಯಕ್ಕೆ ಸರಿಯಾಗಿ ಕೊಡಬೇಕು. ನಾವೂ 299ಕ್ಕೆ ಶರ್ಟ್ ಸಿಕ್ಕಾಗ ಹಲ್ಲೆಲೂಯಾ ಅನ್ನೋ ಮುಂಚೆ, ಇದನ್ನು ಹೊಲಿದವರಿಗೆ ಎಷ್ಟು ಸಿಕ್ಕಿರಬಹುದು ಅಂತ ಕೇಳ್ಕೊಳ್ಳಬೇಕು.

ಮೂರನೆಯದು, ಚರ್ಚೆಯಲ್ಲಿ ಪ್ರೀತಿ ಬಿಡಬೇಡಿ. ದರ ಎಷ್ಟು, ಎಷ್ಟು ಹಂತದಲ್ಲಿ, ಚಿಕ್ಕ ಯೂನಿಟ್‌ಗಳಿಗೆ ಸರಕಾರ ಏನು ಸಹಾಯ ಮಾಡಬೇಕು, ಇವೆಲ್ಲ ಮಾತಾಡಿ. ಓದಿ ಮಾತಾಡಿ. ಆದ್ರೆ ಮಾಲೀಕರೆಲ್ಲ ಕಳ್ಳರು ಅಂತಲೋ, ಬಡವರೆಲ್ಲ ಸೋಮಾರಿಗಳು ಅಂತಲೋ ಹೇಳಿದ್ರೆ ಅದು ನೆರೆಯವನ ಮೇಲೆ ಸುಳ್ಳುಸಾಕ್ಷಿ. ಕನಿಷ್ಠ ಅನ್ನೋದು ಕಾನೂನು ಎಳೆದ ಕೆಳಗಿನ ಗೆರೆ. ಗೆರೆ ಎಲ್ಲಿರಬೇಕು ಅಂತ ವಾದ ಮಾಡಬಹುದು. ಆದ್ರೆ ಗೆರೆಯ ಕೆಳಗೆ ಕೊಡೋದರ ಬಗ್ಗೆ ದೇವರ ಮಕ್ಕಳಲ್ಲಿ ಎರಡು ಅಭಿಪ್ರಾಯ ಇರಬಾರದು.

ಈ ವಾರದ ಅಭ್ಯಾಸ:

1. ನೀವು ಅಥವಾ ನಿಮ್ಮ ಮನೆಯವರು ಯಾರ್ಯಾರಿಗೆ ಸಂಬಳ ಕೊಡ್ತೀರಿ? ಹೆಸರು ಬರೆಯಿರಿ. ಗಂಟೆಯ ಲೆಕ್ಕ ಹಾಕಿ. ಕಾರ್ಮಿಕ ಇಲಾಖೆಯ ದರದ ಜೊತೆ ಹೋಲಿಸಿ.
2. ಯಾರಿಗಾದರೂ ಬಾಕಿ ಇದೆಯಾ? ಆಟೋದವರು, ಇಸ್ತ್ರಿಯವರು, ಹಾಲಿನವರು? ಭಾನುವಾರದ ಕಾಣಿಕೆಗೆ ಮುಂಚೆ ಅದನ್ನು ತೀರಿಸಿ.
3. 1957ರ ಸೂತ್ರ ಇಟ್ಟುಕೊಂಡು ನಿಮ್ಮ ಏರಿಯಾದ ಇವತ್ತಿನ ಬೆಲೆಯಲ್ಲಿ ನಾಲ್ಕು ಜನರ ಮನೆಗೆ ತಿಂಗಳಿಗೆ ಎಷ್ಟು ಬೇಕು ಅಂತ ಲೆಕ್ಕ ಮಾಡಿ ತನ್ನಿ. ಮುಂದಿನ ವಾರ ಹೋಲಿಸೋಣ. ಆ ಇಬ್ಬರೂ, ಸಹೋದರನೂ ಸಹೋದರಿಯೂ, ಇದನ್ನು ಒಟ್ಟಿಗೆ ನಡೆಸಿಕೊಡೋಕೆ ಒಪ್ಪಿದ್ದಾರೆ. ಕರ್ತನಿಗೆ ಸ್ತೋತ್ರ.

ಎದ್ದು ನಿಲ್ಲೋಣ. ಕಣ್ಣು ಮುಚ್ಚಿ.

ತಂದೆಯೇ, ಮೊರೆ ಕೇಳುವ ದೇವರೇ, ನಮ್ಮ ಹಾಡಿನ ಜೊತೆ ನಾವು ತಡೆಹಿಡಿದ ಕೂಲಿಯ ಕೂಗೂ ನಿನ್ನ ಕಿವಿಗೆ ಬೀಳುತ್ತೆ ಅಂತ ನಾವು ಮರೆತಿದ್ದೆವು. ಕ್ಷಮಿಸು. ಕೆಲಸ ಕೊಡುವವರ ಕೈಗಳನ್ನು ಬಲಪಡಿಸು, ಅವರ ಭಯವನ್ನು ನೀನು ಬಲ್ಲೆ. ದುಡಿಯುವವರ ಮನೆಗಳಲ್ಲಿ ತಿಂಗಳ ಕೊನೆಯ ವಾರವನ್ನು ನೀನು ನೋಡ್ತಿದ್ದೀ. ಆಳುವವರಿಗೆ ನ್ಯಾಯವನ್ನೂ ವಿವೇಕವನ್ನೂ ಕೊಡು. ಈ ಯೌವನಸ್ಥರು ನಾಳೆ ಸಹಿ ಹಾಕುವ ಕಾಗದಗಳ ಮೇಲೆ ನಿನ್ನ ಭಯವಿರಲಿ. ಸೂರ್ಯ ಮುಳುಗುವ ಮುಂಚೆ ಕೊಡಬೇಕಾದದ್ದನ್ನು ಕೊಡುವ ಮನಸ್ಸನ್ನು ನಮಗೆ ದಯಪಾಲಿಸು. ಯೇಸುಕ್ರಿಸ್ತನ ನಾಮದಲ್ಲಿ ಬೇಡುತ್ತೇವೆ. ಆಮೆನ್.